ಕಡ್ಡಿಯನ್ನೂ ಎತ್ತಬಾರದ ಕಾಡು

ಮೊಂಬಾಸಾದಲ್ಲಿ ನನ್ನನ್ನು ಮೊದಲು ಎದುರುಗೊಂಡದ್ದು ನಮ್ಮೂರ ಕಾಗೆ. ಬೂದು ಕತ್ತಿನ, ಕಳ್ಳನೋಟದ, ಹೋಟೆಲಿನ ಮೇಜಿನಿಂದ ಚಪಾತಿಯ ಚೂರು ಹಾರಿಸಿಕೊಂಡು ಹೋಗುವ ಅದೇ ಕಾಗೆ. ಜಾಂಜಿಬಾರಿನ ಕಸ ತಿಂದು ಊರು ಚೊಕ್ಕಟ ಮಾಡಲಿ ಎಂದು 19ನೇ ಶತಮಾನದ ಕೊನೆಯಲ್ಲಿ ಭಾರತದಿಂದ ತಂದು ಬಿಟ್ಟ ಹಕ್ಕಿ ಇದು. ಕಸವನ್ನು ಎಷ್ಟು ತಿಂದಿತೋ, ಅಲ್ಲಿನ ಹಕ್ಕಿಗಳ ಮೊಟ್ಟೆಮರಿಗಳನ್ನಂತೂ ಚೆನ್ನಾಗಿ ತಿಂದು ಇಡೀ ಕರಾವಳಿಗೆ ಹಬ್ಬಿತು. ಇನ್ನೊಂದು ಪರಿಚಯದ ಮುಖ ಬೇವಿನದು. ನಲವತ್ತು ರೋಗಕ್ಕೆ ಮದ್ದೆಂದು ಅಲ್ಲಿನವರು ಅದನ್ನು ಮನೆ ಮುಂದೆ ಬೆಳೆಸಿಕೊಂಡರು. ಈಗ ಹಕ್ಕಿಗಳು ಉದುರಿಸಿದ ಬೀಜದಿಂದ ಮೊಳೆತು ಕರಾವಳಿಯ ಹಳೆಯ ಕಾಡುಗಳೊಳಕ್ಕೂ ನುಗ್ಗಿ, ಅಲ್ಲಿನ ಗಿಡಗಳ ಜಾಗ ಹಿಡಿಯುತ್ತಿದೆ. ಒಳ್ಳೆಯದಾಗಲಿ ಎಂದು ಪರವೂರಿಗೆ ಹೊತ್ತು ತಂದದ್ದು ಹೀಗೆ ತಿರುಗುವುದುಂಟು. ಶಾಲೆಯೂ ಅಂಥದ್ದೇ ಒಂದು ಸರಕು ಎಂದು ನನಗೆ ಅನ್ನಿಸತೊಡಗಿದ್ದು ಆ ಕರಾವಳಿಯಲ್ಲಿ ಅಲೆದಾಡಿದ ಮೇಲೆ.

ನಾನು ಹೋದದ್ದು ಕಾಯಾಗಳನ್ನು ನೋಡಲು. ಕೀನ್ಯಾದ ಕಡಲಂಚಿನಲ್ಲಿ, ಸುಮಾರು 200 ಕಿಲೋಮೀಟರ್ ಹರವಿನಲ್ಲಿ, ಅಲ್ಲೊಂದು ಇಲ್ಲೊಂದು ಉಳಿದುಕೊಂಡಿರುವ ಪುಟ್ಟ ಕಾಡುಗಳು ಇವು. ಕೆಲವು ಹತ್ತಿಪ್ಪತ್ತು ಹೆಕ್ಟೇರ್, ಕೆಲವು ನೂರಿನ್ನೂರು. ಗಿರಿಯಾಮಾ, ಡಿಗೊ, ದುರುಮಾ, ರಬಾಯಿ, ರಿಬೆ, ಕಾಂಬೆ, ಕೌಮಾ, ಜಿಬಾನಾ, ಚೋನಿ ಎಂಬ ಒಂಬತ್ತು ಜನಾಂಗಗಳಿಗೆ ಒಟ್ಟಾಗಿ ಮಿಜಿಕೆಂಡಾ ಎಂದು ಹೆಸರು. ಕಾಯಾಗಳು ಅವರ ಪೂರ್ವಿಕರು ಬದುಕಿದ್ದ, ಈಗ ಮಲಗಿರುವ ಜಾಗಗಳು. ಸುತ್ತಲಿನ ಕಾಡೆಲ್ಲ ಗೋಡಂಬಿ ತೋಟವಾಗಿ, ತೆಂಗಿನ ತೋಪಾಗಿ, ಜೋಳದ ಹೊಲವಾಗಿ, ಹೋಟೆಲಾಗಿ ಕರಗಿಹೋದ ಮೇಲೂ ಈ ತುಂಡುಗಳು ಹೇಗೆ ನಿಂತವು ಎಂಬುದು ನನ್ನ ಕುತೂಹಲ. ಬೇಲಿಯಿಂದಂತೂ ಅಲ್ಲ. ಬಹುಪಾಲು ಕಾಯಾಗಳಿಗೆ ಬೇಲಿಯೇ ಇಲ್ಲ.

ಮೊಂಬಾಸಾ ಒಂದು ದ್ವೀಪ. ದಕ್ಷಿಣಕ್ಕೆ ಹೋಗುವವರು ಲಿಕೋನಿಯಲ್ಲಿ ಫೆರಿ ಹತ್ತುತ್ತಾರೆ. ನಡೆದು ಬರುವವರಿಗೆ ಟಿಕೇಟಿಲ್ಲ. ಲಾರಿಗಳು, ಮಟಾಟು ಎಂದು ಕರೆಯುವ ಬಾಡಿಗೆ ವ್ಯಾನುಗಳು, ಬಾಳೆಗೊನೆ ಹೊತ್ತವರು, ಕಾಲು ಕಟ್ಟಿದ ಕೋಳಿಗಳು, ಸಮವಸ್ತ್ರದ ಮಕ್ಕಳು ಎಲ್ಲ ಒಟ್ಟಿಗೆ. ನನ್ನ ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ ಮೊಬೈಲಿನಲ್ಲಿ ಮುಳುಗಿದ್ದವನು, ಮುದುಕರೊಬ್ಬರು ಹತ್ತಿರ ಬಂದ ಕೂಡಲೇ ತಲೆ ತಗ್ಗಿಸಿ ‘ಶಿಕಮೋ’ ಎಂದ. ‘ಮರಹಬಾ’ ಎಂದು ಅವರು ಆ ವಂದನೆಯನ್ನು ಸ್ವೀಕರಿಸಿದರು. ಇಬ್ಬರಿಗೂ ಪರಿಚಯವಿಲ್ಲ ಎಂದು ಆಮೇಲೆ ಗೊತ್ತಾಯಿತು. ಆ ಹುಡುಗ ಮತ್ತೆ ಮೊಬೈಲಿಗೆ ಮರಳಿದ. ಅವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ, ನನಗೆ ಕಂಡಿತು. ಯಾಕೆ ಎಂದು ತಿಳಿಯುವ ಮೊದಲೇ ಮೈಗೆ ಹತ್ತಿದ ನಡತೆ ಅದು.

ಉಕುಂಡಾದಲ್ಲಿ ವ್ಯಾನು ಇಳಿದು ಡಿಯಾನಿ ರಸ್ತೆ ಹಿಡಿದರೆ ಒಂದು ಬದಿಯಲ್ಲಿ ರೆಸಾರ್ಟುಗಳ ಗೋಡೆ, ಇನ್ನೊಂದು ಬದಿಯಲ್ಲಿ ಅಂಗಡಿಸಾಲು. ತಲೆಯ ಮೇಲೆ, ರಸ್ತೆಗಡ್ಡವಾಗಿ, ಹಗ್ಗದ ಏಣಿಗಳು ತೂಗುತ್ತಿರುತ್ತವೆ. ಕಪ್ಪುಬಿಳುಪಿನ ಕೊಲೊಬಸ್ ಮಂಗಗಳು ವಾಹನಗಳಿಗೆ ಸಿಗದೆ ರಸ್ತೆ ದಾಟಲೆಂದು ಕಟ್ಟಿದವು. ಕಾಡು ತುಂಡಾದ ಮೇಲೆ ಮಂಗಗಳಿಗೂ ಮೇಲ್ಸೇತುವೆ ಬೇಕಾಗುತ್ತದೆ. ಇನ್ನೂ ದಕ್ಷಿಣಕ್ಕೆ ಹೋದರೆ ಕಿನೊಂಡೊ. ಕಾಯಾ ಕಿನೊಂಡೊ ಇರುವುದು ಅಲ್ಲಿಯೇ, ಬಿಳಿ ಮರಳಿನ ತೀರಕ್ಕೆ ಬೆನ್ನು ಕೊಟ್ಟು, ಹವಳದ ಬಂಡೆಯ ಮೇಲೆ. ಸುಮಾರು 30 ಹೆಕ್ಟೇರ್, ಅಷ್ಟೇ. ಕೊಡಗಿನ ಒಂದು ದೊಡ್ಡ ಕಾಫಿ ತೋಟ ಅದಕ್ಕಿಂತ ವಿಸ್ತಾರವಾಗಿದ್ದೀತು.

ಬಾಗಿಲಲ್ಲಿ ಕೊಡುವುದು ಕಪ್ಪು ಬಟ್ಟೆ, ಕಾನಿಕಿ. ಗಂಡಸು, ಹೆಂಗಸು, ಬಿಳಿಯ, ಕರಿಯ ಯಾರೇ ಆಗಲಿ ಅದನ್ನು ಸೊಂಟಕ್ಕೆ ಸುತ್ತಿಕೊಂಡೇ ಒಳಗೆ ಕಾಲಿಡಬೇಕು. ಪಂಚೆ ಉಟ್ಟು ಅಭ್ಯಾಸವಿದ್ದ ನನಗೆ ಅದು ಸಲೀಸಾಯಿತು, ಜೊತೆಗಿದ್ದ ಜರ್ಮನ್ ದಂಪತಿಗೆ ಕೊಂಚ ಫಜೀತಿ. ನಮ್ಮನ್ನು ಕರೆದೊಯ್ದವನು ಇಪ್ಪತ್ತೈದರ ಆಸುಪಾಸಿನ ಡಿಗೊ ಹುಡುಗ. ಅವನು ನಿಯಮ ಹೇಳಿದ: ಹಾದಿ ಬಿಡಬಾರದು, ಎಲ್ಲರೆದುರು ಮುದ್ದಾಡಬಾರದು, ತೋರಿಸಿದ ಕಡೆ ಬಿಟ್ಟು ಬೇರೆಡೆ ಫೋಟೊ ತೆಗೆಯಬಾರದು, ಒಳಗಿನಿಂದ ಏನನ್ನೂ ಹೊರಗೆ ಒಯ್ಯಬಾರದು. ಏನನ್ನೂ ಅಂದರೆ ಬೀಜ, ಗರಿ, ಉದುರಿದ ಎಲೆ, ಒಣಗಿ ಬಿದ್ದ ಕಡ್ಡಿ ಕೂಡ.

ಒಳಗೆ ಹೋದ ಹತ್ತು ಹೆಜ್ಜೆಗೆ ಬಿಸಿಲು ಕಳಚಿಕೊಂಡಿತು. ಮಣ್ಣು ಕಾಣುವುದೇ ಕಡಿಮೆ. ಎಲ್ಲೆಲ್ಲೂ ತೂತುತೂತಾದ ಹವಳದ ಕಲ್ಲು, ಅದನ್ನು ಬಿಗಿಯಾಗಿ ಹಿಡಿದು ಕೂತ ಬೇರುಗಳು. ಇಂಥ ನೆಲದಲ್ಲಿ ಒಮ್ಮೆ ಕಡಿದರೆ ಮತ್ತೆ ಅದೇ ಕಾಡು ಬರುವುದು ಬಹಳ ಕಷ್ಟ ಎಂದು ತಿಳಿಯಲು ಸಸ್ಯಶಾಸ್ತ್ರ ಓದಿರಬೇಕಿಲ್ಲ. ಆದರೆ ಸಸ್ಯಶಾಸ್ತ್ರಜ್ಞರೂ ಇಲ್ಲಿಗೆ ಬಂದರು. 1980ರ ದಶಕದಲ್ಲಿ ಆ್ಯನ್ ರಾಬರ್ಟ್‌ಸನ್ ಮತ್ತು ಕ್ವೆಂಟಿನ್ ಲ್ಯೂಕ್ ಒಂದೊಂದೇ ಕಾಯಾ ಹೊಕ್ಕು ಗಿಡಗಳನ್ನು ಪಟ್ಟಿ ಮಾಡಿದಾಗ, ಬೇರೆಡೆ ಕಾಣಸಿಗದ ಅಪರೂಪದ ಸಸ್ಯಗಳು ಈ ತುಂಡುಕಾಡುಗಳಲ್ಲಿ ಬದುಕಿರುವುದು ಹೊರಜಗತ್ತಿಗೆ ತಿಳಿಯಿತು. ಅದರ ಬೆನ್ನಿಗೇ ಕೀನ್ಯಾ ಸರ್ಕಾರ 1992ರಿಂದ ಹಂತಹಂತವಾಗಿ ಕಾಯಾಗಳನ್ನು ರಾಷ್ಟ್ರೀಯ ಸ್ಮಾರಕಗಳೆಂದು ಘೋಷಿಸಿತು. ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಇಲಾಖೆ ಕರಾವಳಿ ಕಾಡುಗಳಿಗಾಗಿಯೇ ಒಂದು ಘಟಕ ತೆರೆಯಿತು. ಕಿನೊಂಡೊದಲ್ಲಿ ಪ್ರವಾಸಿಗರಿಗೆ ಬಾಗಿಲು ತೆರೆದದ್ದು 2001ರಲ್ಲಿ, ಊರಿನ ಹಿರಿಯರ ಒಪ್ಪಿಗೆಯ ಮೇಲೆ.

ಹಾದಿಯ ಕೊನೆಯಲ್ಲಿ ಒಂದು ದೊಡ್ಡ ಮರದ ಬುಡದಲ್ಲಿ ಹಿರಿಯರೊಬ್ಬರು ಕೂತಿದ್ದರು. ತಲೆಯ ಮೇಲೆ ಕಸೂತಿಯ ಮುಸ್ಲಿಂ ಟೋಪಿ. ಡಿಗೊ ಜನರಲ್ಲಿ ಹೆಚ್ಚಿನವರು ಮುಸಲ್ಮಾನರು. ನಮಾಜಿಗೆ ಮಸೀದಿ, ಹಿರಿಯರಿಗೆ ಕಾಯಾ. ಇವೆರಡರ ನಡುವೆ ತಕರಾರು ಎದ್ದದ್ದಿಲ್ಲವೇ ಎಂದರೆ ಎದ್ದದ್ದುಂಟು, ಈಗಲೂ ಏಳುತ್ತದೆ. ಆದರೂ ಮಳೆ ತಪ್ಪಿದಾಗ, ರೋಗ ಬಂದಾಗ ಇಲ್ಲಿಗೇ ಬರುತ್ತಾರೆ. ನಾನು ಅವರಿಗೆ ‘ಶಿಕಮೋ ಮ್ಝೇ’, ಅಂದರೆ ಹಿರಿಯರೇ ವಂದನೆ, ಎಂದೆ. ಅವರು ನಕ್ಕು ಮರಹಬಾ ಹೇಳಿ, ಹುಡುಗನ ಮೂಲಕ ನನ್ನ ಊರು, ಮನೆ, ಮಕ್ಕಳ ಸಮಾಚಾರ ಕೇಳಿದರು. ಅದೆಲ್ಲ ಮುಗಿದ ಮೇಲೆ ನನ್ನ ಪ್ರಶ್ನೆಗೆ ಸರದಿ ಬಂತು. ಮರ ಕಡಿಯಬಾರದು, ಸರಿ. ಒಣಗಿ ಬಿದ್ದ ಕಡ್ಡಿ ಬಡವಳೊಬ್ಬಳ ಒಲೆಗೆ ಹೋದರೆ ಏನು ನಷ್ಟ?

ಅವರು ಕೂಡಲೇ ಉತ್ತರಿಸಲಿಲ್ಲ. ಎದುರಿಗೆ ಬಿದ್ದಿದ್ದ ಕೊಂಬೆಯೊಂದನ್ನು ಊರುಗೋಲಿನಿಂದ ತೋರಿಸಿ, ‘ಇದು ತಾನಾಗಿ ಬಿದ್ದದ್ದೋ, ಯಾರಾದರೂ ಹೋದ ತಿಂಗಳು ತೊಗಟೆ ಸುಲಿದು ಒಣಗಿಸಿ ಬೀಳಿಸಿದ್ದೋ, ನೀನು ಹೇಳು’ ಎಂದರು. ಹೇಳಲು ನನಗೆ ಬರಲಿಲ್ಲ. ‘ನನಗೂ ಬರುವುದಿಲ್ಲ. ಅದಕ್ಕೇ ಯಾರೂ ಮುಟ್ಟುವುದಿಲ್ಲ’ ಎಂದರು.

ನಮ್ಮ ಅರಣ್ಯ ಇಲಾಖೆಯ ಕಡತಗಳಲ್ಲಿ ಕಿರು ಅರಣ್ಯ ಉತ್ಪನ್ನ, ಒಣ ಸೌದೆ, ಹಸಿ ಸೌದೆ, ತಲೆಹೊರೆ ಎಂದು ಎಷ್ಟು ಬಗೆಯ ವಿನಾಯಿತಿಗಳಿವೆಯೋ ಅಷ್ಟೂ ಬಗೆಯ ಕಳ್ಳದಾರಿಗಳಿವೆ. ಈ ಮುದುಕರ ನಿಯಮಕ್ಕೆ ವಿನಾಯಿತಿಯೇ ಇಲ್ಲದ್ದರಿಂದ ಕಳ್ಳದಾರಿಯೂ ಇಲ್ಲ. ಅಲ್ಲದೆ ಬಿದ್ದ ಮರವನ್ನು ಗೆದ್ದಲು, ಅಣಬೆ, ಹುಳುಗಳು ಮಣ್ಣಾಗಿಸುವುದರಿಂದಲೇ ಈ ಕಲ್ಲುನೆಲದಲ್ಲಿ ಒಂದಿಷ್ಟಾದರೂ ಮಣ್ಣು ನಿಂತಿದೆ. ಅದನ್ನು ಅವರು ಹೇಳಲಿಲ್ಲ, ಹೇಳುವ ಅಗತ್ಯ ಅವರಿಗೆ ತೋರಿರಲಾರದು.

ಆಫ್ರಿಕಾದ ಹಳೆಯ ಜನರು ಪ್ರಕೃತಿಯ ಆರಾಧಕರು, ಹುಟ್ಟುತ್ತಲೇ ಕಾಡನ್ನು ಪ್ರೀತಿಸುವವರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಾಯಾಗಳ ಕಥೆಯೇ ಅದಕ್ಕೆ ವಿರುದ್ಧ ಸಾಕ್ಷಿ. ಮಿಜಿಕೆಂಡಾ ಜನ ಹೇಳಿಕೊಳ್ಳುವಂತೆ ಅವರ ಮೂಲ ಉತ್ತರದ ಸಿಂಗ್ವಾಯಾ. ಅಲ್ಲಿಂದ ಒರೊಮೊ ಜನರ ದಾಳಿಗೆ ಹೆದರಿ ಓಡಿಬಂದವರು ಕರಾವಳಿಯ ಗುಡ್ಡಗಳ ದಟ್ಟ ಕಾಡಿನ ನಡುವೆ ಬಯಲು ಮಾಡಿ ಊರು ಕಟ್ಟಿದರು. 16ನೇ ಶತಮಾನದಿಂದ ಈಚೆಗೆ ಕಟ್ಟಿದ ಊರುಗಳಿವು. ಸುತ್ತಲಿನ ಕಾಡು ಅವರಿಗೆ ಕೋಟೆ. ಒಳಗೆ ಬರಲು ಒಂದೋ ಎರಡೋ ಇಕ್ಕಟ್ಟಿನ ಹಾದಿ, ಹಾದಿಗೆ ಬಾಗಿಲು. ಮರ ಕಡಿದವನು ಕೋಟೆಗೆ ಕಿಂಡಿ ಕೊರೆದಂತೆ, ಆದ್ದರಿಂದ ಅವನಿಗೆ ದಂಡ. ನಡುವಿನ ಬಯಲಿನಲ್ಲಿ ಊರು ಕಾಯುವ ಫಿಂಗೊ ಎಂಬ ರಕ್ಷೆಯನ್ನು ಹೂತರು. ಸತ್ತವರನ್ನು ಅಲ್ಲಿಯೇ ಮಣ್ಣು ಮಾಡಿದರು. ಕಾಲ ಕಳೆದು ಭಯ ಕಡಿಮೆಯಾದಂತೆ ಜನ ಹೊಲಗದ್ದೆಗಳ ಕಡೆ ಇಳಿದರು, 1940ರ ದಶಕದ ಹೊತ್ತಿಗೆ ಕಾಯಾಗಳಲ್ಲಿ ವಾಸಿಸುವವರೇ ಇರಲಿಲ್ಲ. ಕೋಟೆ ಬೇಡವಾಯಿತು. ಆದರೆ ನಿಯಮ ಉಳಿಯಿತು. ಶತ್ರುವಿನ ಜಾಗದಲ್ಲಿ ಪೂರ್ವಿಕರು ಬಂದು ಕೂತರು, ಅಷ್ಟೇ ವ್ಯತ್ಯಾಸ. ಕಾರಣ ಬದಲಾದರೂ ನಡತೆ ಬದಲಾಗದಂತೆ ತಲೆಮಾರಿನಿಂದ ತಲೆಮಾರಿಗೆ ದಾಟಿಸುವ ಕೆಲಸವನ್ನು ಏನೆಂದು ಕರೆಯಬೇಕು? ನನಗೆ ಶಿಕ್ಷಣ ಎಂಬುದಕ್ಕಿಂತ ಬೇರೆ ಹೆಸರು ಹೊಳೆಯುತ್ತಿಲ್ಲ.

ಆ ಶಿಕ್ಷಣಕ್ಕೂ ತರಗತಿಗಳಿವೆ. ಚಿಕ್ಕ ಮಕ್ಕಳಿಗೆ ಗೊತ್ತಿರಬೇಕಾದದ್ದು ಒಂದೇ, ಅಲ್ಲಿಗೆ ಒಬ್ಬರೇ ಹೋಗಬಾರದು. ಹರೆಯಕ್ಕೆ ಬಂದವರಿಗೆ ಹಾದಿ ಗೊತ್ತಾಗುತ್ತದೆ, ಯಾವ ಮರಕ್ಕೆ ಯಾವ ಹೆಸರು, ಯಾವ ತೊಗಟೆ ಯಾವ ನೋವಿಗೆ ಎಂಬುದು ಗೊತ್ತಾಗುತ್ತದೆ. ಒಂದೇ ವಯೋಮಾನದವರೆಲ್ಲ ಸೇರಿ ರಿಕಾ ಎಂಬ ಒಂದು ಗುಂಪಾಗಿ ದೀಕ್ಷೆ ಪಡೆಯುತ್ತಿದ್ದರು. ಕಾಂಬಿ ಎಂಬ ಹಿರಿಯರ ಸಭೆಗೆ ಸೇರಿದ ಮೇಲಷ್ಟೇ ನಡುಬಯಲಿನ ಗುಟ್ಟುಗಳು, ಪ್ರಾರ್ಥನೆಯ ಮಾತುಗಳು ಕೈಸೇರುವುದು. ಹೊಣೆ ಹೊರುವಷ್ಟು ಹೆಗಲು ಬಲಿತ ಮೇಲೆ ತಿಳಿವಳಿಕೆ. ತಿಳಿದುದನ್ನೆಲ್ಲ ಎಲ್ಲರಿಗೂ ಒಮ್ಮೆಗೇ ಸುರಿಯುವುದೇ ಪ್ರಜಾಸತ್ತೆ ಎಂದು ನಂಬಿರುವ ನನ್ನಂಥವರಿಗೆ ಇದು ಮೊದಲು ಇರಿಸುಮುರಿಸಾಗುತ್ತದೆ. ಆದರೆ ಯಾವ ತೊಗಟೆಯಲ್ಲಿ ಯಾವ ಔಷಧವಿದೆ ಎಂದು ಯೂಟ್ಯೂಬಿನಲ್ಲಿ ಬಂದ ಮರುವಾರ ಪಶ್ಚಿಮ ಘಟ್ಟದಲ್ಲಿ ಆ ಮರ ಬೆತ್ತಲಾಗುವುದನ್ನು ಕಂಡವರು ಸ್ವಲ್ಪ ಯೋಚಿಸಬಹುದು.

ಅವತ್ತು ಸಂಜೆ ಕಿನೊಂಡೊ ಹಳ್ಳಿಯ ಒಂದು ಅಂಗಳದಲ್ಲಿ ಮಕ್ಕಳು ಒಗಟಿನ ಆಟ ಆಡುತ್ತಿದ್ದರು. ಸ್ವಾಹಿಲಿ ನಾಡಿನಲ್ಲಿ ಇದಕ್ಕೊಂದು ಕ್ರಮವಿದೆ. ಕೇಳುವವರು ‘ಕಿತೆಂದವಿಲಿ!’ ಎಂದು ಕೂಗಬೇಕು, ಉಳಿದವರು ‘ತೇಗ!’ ಎಂದು ಸವಾಲು ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳದೆ ಒಗಟು ಶುರುವಾಗುವುದಿಲ್ಲ. ಉತ್ತರ ಗೊತ್ತಾಗದಿದ್ದರೆ ಸೋತವರು ಕೇಳಿದವಳಿಗೆ ಒಂದು ಊರು ಬಿಟ್ಟುಕೊಡಬೇಕು, ‘ಮೊಂಬಾಸಾ ತಗೋ’ ‘ಬೇಡ’ ‘ನೈರೋಬಿ ತಗೋ’ ಎಂದು ಚೌಕಾಶಿ. ಬಾಗಿಲಿಲ್ಲದ ಮನೆ ಯಾವುದು ಎಂದು ಒಬ್ಬ ಹುಡುಗಿ ಕೇಳಿದಾಗ ನಾನು ಮೊಟ್ಟೆ ಎಂದೆ. ನಮ್ಮಲ್ಲೂ ಅದಿದೆಯಲ್ಲ. ಅವಳಿಗೆ ಮುಖ ಸಣ್ಣದಾಯಿತು. ಅಜ್ಜಿ ಮೂಲೆಯಲ್ಲಿ ಕೂತು ತೆಂಗಿನಗರಿ ಹೆಣೆಯುತ್ತಿದ್ದವರು ಬಾಯಿ ಹಾಕಲೇ ಇಲ್ಲ. ಮಕ್ಕಳು ಒಂದು ಗಿಡದ ಹೆಸರನ್ನು ತಪ್ಪು ಹೇಳಿದಾಗ ಮಾತ್ರ ತಲೆ ಎತ್ತಿ ಸರಿ ಹೆಸರು ಹೇಳಿ ಮತ್ತೆ ಹೆಣಿಗೆಗೆ ಇಳಿದರು. ನೋಡುವವರಿಗೆ ಇದು ಪಾಠ ಎಂದು ಗೊತ್ತಾಗುವುದೇ ಇಲ್ಲ.

ಮೊಂಬಾಸಾದ ವಾಯವ್ಯಕ್ಕೆ ಗುಡ್ಡ ಹತ್ತಿದರೆ ಸಿಗುವುದು ರಬಾಯಿ. ಕೀನ್ಯಾದ ಮಟ್ಟಿಗೆ ಮಿಷನರಿ ಶಾಲೆಯ ಕಥೆ ಶುರುವಾಗುವುದು ಇಲ್ಲಿ. ಯೊಹಾನ್ ಲುಡ್‌ವಿಗ್ ಕ್ರಾಪ್ಫ್ ಎಂಬ ಜರ್ಮನ್ ಪಾದ್ರಿ 1844ರಲ್ಲಿ ಮೊಂಬಾಸಾಕ್ಕೆ ಬಂದು, 1846ರಲ್ಲಿ ಯೊಹಾನೆಸ್ ರೆಬ್ಮಾನ್ ಜೊತೆಗೂಡಿ ಈ ಗುಡ್ಡದ ಮೇಲೆ ಮಿಷನ್ ಕಟ್ಟಿದ. ಅವನ ಹೆಸರಿನ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ಅಡ್ಡಾಡುತ್ತಿದ್ದಾಗ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಇಬ್ಬರೂ ತರಬೇತಾದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಲ್ಲಿ. 1834ರಲ್ಲಿ ಮಂಗಳೂರಿಗೆ ಪಾದ್ರಿಗಳನ್ನು ಕಳಿಸಿ, ಮುಂದೆ ಕಿಟ್ಟೆಲರನ್ನು ನಮಗೆ ಕೊಟ್ಟ ಅದೇ ಬಾಸೆಲ್. ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಬಂದರೆ ಕ್ರಾಪ್ಫ್‌ನ ಸ್ವಾಹಿಲಿ ನಿಘಂಟು ಅವನ ಸಾವಿನ ಬಳಿಕ 1882ರಲ್ಲಿ ಬಂತು. ರೆಬ್ಮಾನ್ 1848ರಲ್ಲಿ ಕಿಲಿಮಂಜಾರೋದ ನೆತ್ತಿಯಲ್ಲಿ ಹಿಮ ಕಂಡೆ ಎಂದು ಬರೆದಾಗ ಯುರೋಪಿನ ಪಂಡಿತರು ನಕ್ಕರಂತೆ, ಸಮಭಾಜಕದ ಹತ್ತಿರ ಹಿಮವೇ ಎಂದು. ಅದರ ಬುಡದಲ್ಲಿ ಬಾಳುತ್ತಿದ್ದವರನ್ನು ಯಾರೂ ಕೇಳಲಿಲ್ಲ.

ಮಿಷನ್ ಇರುವ ಜಾಗದಿಂದ ಕಾಯಾ ರಬಾಯಿಯ ಕಾಡುಗಳು ಕಾಣುವಷ್ಟು ಸಮೀಪ. ಎರಡು ಶಾಲೆಗಳು ಒಂದೇ ಗುಡ್ಡದ ಮೇಲೆ ಎದುರುಬದುರಾಗಿ ನಿಂತಂತೆ. ಒಂದರಲ್ಲಿ ಅಕ್ಷರವಿಲ್ಲ, ಇನ್ನೊಂದರಲ್ಲಿ ಅಜ್ಜನಿಲ್ಲ. ನನಗೆ ಚಹಾ ಕೊಟ್ಟು ಮಾತಾಡಿಸಿದ ನಿವೃತ್ತ ಮೇಷ್ಟರೊಬ್ಬರು, ತಾವು ಹುಡುಗರಾಗಿದ್ದಾಗ ಕೆನಡಾದ ಗೋಧಿ ಬಯಲಿನ ಬಗ್ಗೆ ಬಾಯಿಪಾಠ ಮಾಡಿದ ವಾಕ್ಯಗಳನ್ನು ಈಗಲೂ ಒಪ್ಪಿಸಿದರು. ‘ನನ್ನಜ್ಜ ಕಾಯಾದ ಹಿರಿಯ. ಸಂಜೆ ಕರೆಯುತ್ತಿದ್ದ. ನನಗೆ ಹೋಂವರ್ಕ್ ಇರುತ್ತಿತ್ತು’ ಎಂದರು. ಆದರೆ ಶಾಲೆಯನ್ನು ಅವರು ಹಳಿಯಲಿಲ್ಲ. ಮಗಳು ನರ್ಸ್ ಆಗಿದ್ದಾಳೆ, ಮಗ ಬಂದರಿನಲ್ಲಿ ಕೆಲಸಕ್ಕಿದ್ದಾನೆ. ಹಳೆಯದೆಲ್ಲ ಚಿನ್ನ ಎಂದು ನಾನು ರಾಗ ಎಳೆಯತೊಡಗಿದಾಗ ಅವರೇ ತಡೆದರು.

ತಡೆಯಲು ಅವರಿಗೆ ಕಾರಣಗಳಿದ್ದವು. ಕಾಯಾ ಸಭೆಗಳಲ್ಲಿ ಗಂಡಸರದೇ ಕಾರುಬಾರು. ಗುಟ್ಟಿನ ಹೆಸರಲ್ಲಿ ಅಧಿಕಾರ ಕೂಡಿಹಾಕಿಕೊಂಡವರೂ, ಹಣ ಪಡೆದು ಕಾಯಾದ ಅಂಚಿನ ಜಾಗಕ್ಕೆ ಒಪ್ಪಿಗೆ ಕೊಟ್ಟವರೂ ಹಿರಿಯರಲ್ಲೇ ಇದ್ದಾರೆ. ದಕ್ಷಿಣ ಕರಾವಳಿಯಲ್ಲಿ ಕಾಯಾವೊಂದಕ್ಕೆ ಸೇರಿದ ದ್ವೀಪದಲ್ಲಿ, ಜನ ಪ್ರತಿಭಟಿಸಿದರೂ, ಪ್ರವಾಸಿ ಹೋಟೆಲ್ ಎದ್ದಿತು. ಇನ್ನೂ ಕರಾಳವಾದದ್ದೊಂದಿದೆ. ಕಿಲಿಫಿ, ಕ್ವಾಲೆ ಜಿಲ್ಲೆಗಳಲ್ಲಿ ಮುದುಕರನ್ನು ಮಾಟಗಾರರೆಂದು ಹೆಸರಿಟ್ಟು ಕೊಲ್ಲುವ ಪಿಡುಗು ವರ್ಷಗಳಿಂದ ನಡೆದಿದೆ. ಬಹಳಷ್ಟು ಪ್ರಕರಣಗಳ ಹಿಂದೆ ಇರುವುದು ಜಮೀನಿನ ಪಾಲಿನ ಜಗಳ. ನರೆತ ಕೂದಲು ಕಂಡರೆ ತಲೆ ತಗ್ಗಿಸುವ ನಾಡಿನಲ್ಲೇ ನರೆತ ಕೂದಲೇ ಅಪರಾಧವಾಗಿ, ಎಷ್ಟೋ ಮುದುಕರು ಕೂದಲಿಗೆ ಕಪ್ಪು ಹಚ್ಚಿಕೊಳ್ಳುತ್ತಾರೆ ಎಂದು ಮೇಷ್ಟರು ಹೇಳಿದರು. ಪುಸ್ತಕವಿಲ್ಲದ ಶಿಕ್ಷಣದಲ್ಲಿ ಒಬ್ಬ ಹಿರಿಯನ ಕೊಲೆಯೆಂದರೆ ಗ್ರಂಥಾಲಯಕ್ಕೇ ಬೆಂಕಿ. ಇದರ ಜೊತೆಗೆ ಕಳ್ಳತನ. ಸತ್ತ ಹಿರಿಯರ ನೆನಪಿಗೆ ನೆಡುವ ವಿಗಾಂಗೊ ಎಂಬ ಕೆತ್ತನೆಯ ಮರದ ಕಂಬಗಳನ್ನು ಕಿತ್ತು ಕಲಾವ್ಯಾಪಾರಿಗಳಿಗೆ ಮಾರುತ್ತಾರೆ. 1985ರಲ್ಲಿ ಒಂದು ಮನೆಯ ಮುಂದೆ ಮಾನವಶಾಸ್ತ್ರಜ್ಞೆ ಮೋನಿಕಾ ಉಡ್‌ವಾರ್ಡಿ ಫೋಟೊ ತೆಗೆದಿದ್ದ ಎರಡು ಕಂಬಗಳು ಆಮೇಲೆ ಅಮೆರಿಕದ ಎರಡು ವಸ್ತುಸಂಗ್ರಹಾಲಯಗಳಲ್ಲಿ ಪತ್ತೆಯಾದವು. 2007ರ ಹೊತ್ತಿಗೆ ಅವು ವಾಪಸು ಬಂದವು. ವಾಪಸು ಬಾರದವು ಬೇಕಾದಷ್ಟಿವೆ.

ಗಂಡಸರ ಕಾರುಬಾರು ಎಂದೆನಲ್ಲ, ಅದಕ್ಕೊಂದು ತಿದ್ದುಪಡಿ ಸೇರಿಸಬೇಕು. ಗಿರಿಯಾಮಾ ಜನರ ಮುಖ್ಯ ಕಾಯಾ ಫುಂಗೊ. 1913ರಲ್ಲಿ ಬ್ರಿಟಿಷರು ತೆರಿಗೆ ಮತ್ತು ಕೂಲಿಯಾಳುಗಳಿಗಾಗಿ ಒತ್ತಡ ಹೇರಿದಾಗ, ಮೆಕಾತಿಲಿಲಿ ವಾ ಮೆಂಜಾ ಎಂಬ ವಿಧವೆ ಊರೂರು ತಿರುಗಿ ಕುಣಿತದ ಮೂಲಕ ಜನರನ್ನು ಕೂಡಿಸಿ, ಅದೇ ಕಾಡಿನಲ್ಲಿ ಹೆಂಗಸರು ಗಂಡಸರು ಇಬ್ಬರಿಂದಲೂ ಆಣೆ ಮಾಡಿಸಿದಳು. ಅವಳನ್ನು ಹಿಡಿದು ದೂರದ ಪಶ್ಚಿಮ ಕೀನ್ಯಾಕ್ಕೆ ಗಡೀಪಾರು ಮಾಡಿದರು. ತಪ್ಪಿಸಿಕೊಂಡು ನಡೆದೇ ವಾಪಸಾದಳು. 1914ರ ಆಗಸ್ಟ್‌ನಲ್ಲಿ ಬ್ರಿಟಿಷರು ಕಾಯಾ ಫುಂಗೊವನ್ನು ಡೈನಮೈಟ್ ಇಟ್ಟು ಸಿಡಿಸಿದರು. ಒಂದು ಕಾಡಿಗೆ ಡೈನಮೈಟ್ ಇಡಬೇಕಾಯಿತೆಂದರೆ, ಅದರೊಳಗೆ ಕಲಿಸುತ್ತಿದ್ದ ಪಾಠ ಎಷ್ಟು ಗಟ್ಟಿ ಎಂಬುದು ಆಳುವವರಿಗೆ ಸರಿಯಾಗಿಯೇ ಅರ್ಥವಾಗಿತ್ತು.

ಕರಾವಳಿಯಿಂದ ರೈಲು ಹಿಡಿದು ನೈರೋಬಿಗೆ ಬಂದೆ. ಕರೂರಾ ಕಾಡನ್ನು ನೋಡದೆ ಮರಳುವಂತಿರಲಿಲ್ಲ. ನಗರದ ಮಗ್ಗುಲಲ್ಲೇ ಸಾವಿರ ಹೆಕ್ಟೇರಿಗೂ ಮಿಕ್ಕಿದ ಕಾಡು, ಬೆಳಗ್ಗೆ ಓಡುವವರು, ಸೈಕಲ್ಲು, ಐಸ್‌ಕ್ರೀಂ. 1998ರಲ್ಲಿ ಇದನ್ನು ಬಿಲ್ಡರುಗಳಿಗೆ ಹಂಚಲು ಹೊರಟಾಗ ಅಡ್ಡ ನಿಂತವರು ವಂಗಾರಿ ಮಾಥಾಯ್. 1999ರ ಜನವರಿಯಲ್ಲಿ ಸಸಿ ನೆಡಲು ಬಂದ ಅವರ ತಲೆಗೆ ಬಾಡಿಗೆ ಗೂಂಡಾಗಳ ಏಟು ಬಿತ್ತು. ಅವರು 1977ರಲ್ಲಿ ಶುರು ಮಾಡಿದ ಗ್ರೀನ್ ಬೆಲ್ಟ್ ಚಳವಳಿ, 2004ರ ನೊಬೆಲ್ ಇವೆಲ್ಲ ನಮ್ಮ ಪತ್ರಿಕೆಗಳಲ್ಲೂ ಬಂದಿವೆ. ಅವರ ಬಾಲ್ಯದ ಒಂದು ಪ್ರಸಂಗಕ್ಕೆ ಅಷ್ಟು ಜಾಗ ಸಿಕ್ಕಿಲ್ಲ, ನನ್ನ ಮಟ್ಟಿಗೆ ನೊಬೆಲಿಗಿಂತ ಅದೇ ದೊಡ್ಡದು.

ನ್ಯೇರಿ ಸೀಮೆಯ ಇಹಿತೆ ಎಂಬ ಹಳ್ಳಿ. ಹುಡುಗಿ ಸೌದೆ ಆಯಲು ಹೊರಟರೆ ತಾಯಿ ಒಂದು ಎಚ್ಚರಿಕೆ ಹೇಳುತ್ತಿದ್ದರು: ಅತ್ತಿಜಾತಿಯ ಆ ಮುಗುಮೊ ಮರದ ಕಡ್ಡಿ ತರಬೇಡ, ಅದು ದೇವರ ಮರ. ಆ ಮರದ ಬಳಿಯಲ್ಲೇ ಒಂದು ಒರತೆ. ತೊರೆಯಲ್ಲಿ ಮಣಿಗಳ ಹಾಗೆ ಹೊಳೆಯುವ ಕಪ್ಪೆಮೊಟ್ಟೆಗಳನ್ನು ಸರ ಮಾಡಿಕೊಳ್ಳಲು ಆ ಹುಡುಗಿ ಕೈ ಹಾಕುತ್ತಿದ್ದಳು, ಅವು ಜಾರಿಹೋಗುತ್ತಿದ್ದವು. ಮುಂದೆ ಅವಳು ಕ್ಯಾಥೊಲಿಕ್ ಬೋರ್ಡಿಂಗ್ ಶಾಲೆಗೆ ಹೋದಳು. ಅಲ್ಲಿ ತಾಯ್ನುಡಿ ಆಡಿದವರಿಗೆ ಅವಮಾನದ ಬಿಲ್ಲೆ ತೊಡಿಸುವ ಶಿಕ್ಷೆಯಿತ್ತು. ಆಮೇಲೆ ಅಮೆರಿಕ, ಜೀವಶಾಸ್ತ್ರ, 1971ರಲ್ಲಿ ನೈರೋಬಿ ವಿಶ್ವವಿದ್ಯಾಲಯದ ಡಾಕ್ಟರೇಟ್. ಪೂರ್ವ ಮತ್ತು ಮಧ್ಯ ಆಫ್ರಿಕಾದಲ್ಲಿ ಆ ಪದವಿ ಪಡೆದ ಮೊದಲ ಹೆಂಗಸು. ಊರಿಗೆ ಮರಳಿ ನೋಡಿದರೆ ಜಮೀನಿನ ಹೊಸ ಒಡೆಯ ಟೀ ಬೆಳೆಸಲು ಆ ಮರ ಕಡಿಸಿದ್ದ. ಒರತೆ ಬತ್ತಿತ್ತು. ಅತ್ತಿಯ ಬೇರು ಬಂಡೆ ಸೀಳಿ ಆಳದ ನೀರಿಗೆ ದಾರಿ ಮಾಡಿಕೊಡುತ್ತದೆ, ಇಳಿಜಾರಿನ ಮಣ್ಣು ಹಿಡಿಯುತ್ತದೆ ಎಂಬ ವಿಜ್ಞಾನ ಆಗ ಮಾಥಾಯ್ ಅವರಿಗೆ ಗೊತ್ತಿತ್ತು. ತಾಯಿಗೆ ಆ ವಿಜ್ಞಾನ ಗೊತ್ತಿರಲಿಲ್ಲ, ಆದರೆ ತಾಯಿಯ ಕಾಲದಲ್ಲಿ ನೀರಿತ್ತು.

   

ಮಾಥಾಯ್ ಹಳ್ಳಿಯ ಹೆಂಗಸರಿಗೆ ಸಸಿ ಮಾಡುವ ಕೆಲಸ ಕೊಟ್ಟಾಗ ಅರಣ್ಯಾಧಿಕಾರಿಗಳು, ಡಿಪ್ಲೊಮಾ ಇಲ್ಲದವರಿಂದ ಇದಾಗದು ಎಂದರು. ಬೀನ್ಸು, ಜೋಳ ಬಿತ್ತಿ ಬೆಳೆಯುವವರಿಗೆ ಮರದ ಬೀಜ ಯಾವ ಲೆಕ್ಕ ಎಂದು ಮಾಥಾಯ್ ಮುಂದುವರಿದರು. ನೊಬೆಲ್ ಬರುವ ಹೊತ್ತಿಗೆ ಆ ಹೆಂಗಸರು ನೆಟ್ಟದ್ದು ಮೂರು ಕೋಟಿ ಮರ. ಈಗ ಸರ್ಕಾರವೂ ಹುರುಪಿನಲ್ಲಿದೆ. ಹತ್ತು ವರ್ಷದಲ್ಲಿ 1,500 ಕೋಟಿ ಮರ ನೆಡುತ್ತೇವೆ ಎಂದು ಘೋಷಿಸಿ, 2023ರ ನವೆಂಬರ್ 13ರಂದು ಸಸಿ ನೆಡಲೆಂದೇ ಸಾರ್ವಜನಿಕ ರಜೆ ಕೊಟ್ಟಿತು. ನಮ್ಮ ವನಮಹೋತ್ಸವಗಳನ್ನು ಕಂಡ ನಾನು ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೆಡುವುದಕ್ಕೆ ಒಂದು ರಜೆ ಸಾಕು. ಮುಟ್ಟದೆ ಬಿಡುವುದಕ್ಕೆ ಬಾಲ್ಯದಿಂದ ಅಭ್ಯಾಸ ಬೇಕು, ಅದರ ಫೋಟೊ ತೆಗೆಯಲೂ ಬರುವುದಿಲ್ಲ.

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಕರಾವಳಿಯುದ್ದಕ್ಕೂ ನಾಗಬನಗಳಿವೆ.  ಆದ್ದರಿಂದ ಕಾಯಾವನ್ನು ನೋಡಿ ಬೆರಗಾಗುವ ಹಕ್ಕು ನಮಗೆ ಅಷ್ಟಾಗಿ ಇಲ್ಲ. ನನ್ನನ್ನು ಕಾಡಿದ್ದು ಬೇರೆ. ದಕ್ಷಿಣ ಕನ್ನಡದಲ್ಲಿ ಎಷ್ಟೋ ನಾಗಬನಗಳ ಮರ ಕಡಿದು, ಸಿಮೆಂಟಿನ ಕಟ್ಟೆ ಕಟ್ಟಿ, ಟೈಲ್ಸ್ ಹಾಕಿ, ಗ್ರಿಲ್ ಬಾಗಿಲಿಟ್ಟು ಜೀರ್ಣೋದ್ಧಾರ ಮಾಡಿದ್ದೇವೆ. ಅಲ್ಲಿ ನಾಗ ಉಳಿದ, ಬನ ಹೋಯಿತು. ಕಾಯಾ ಕಿನೊಂಡೊದಲ್ಲಿ ಒಳಗಿದ್ದ ಊರೇ ಹೋಯಿತು, ಕಾಡು ಉಳಿಯಿತು. ಪೂಜೆ ಎರಡೂ ಕಡೆ ಇತ್ತು. ನಮ್ಮಲ್ಲಿ ಮಕ್ಕಳಿಗೆ ಕೈಮುಗಿಯುವುದನ್ನು ಕಲಿಸಿದೆವು, ಕಡ್ಡಿ ಎತ್ತಬಾರದು ಎಂಬುದನ್ನು ಕಲಿಸುವುದು ಬಿಟ್ಟೆವು. ಮೊದಲನೆಯದು ಸುಲಭ, ಅದಕ್ಕೆ ದೇವರಿದ್ದರೆ ಸಾಕು. ಎರಡನೆಯದಕ್ಕೆ ಕೊಡಗಿನ ಊರ ಹಿರಿಯನಾದ ತಕ್ಕನೋ ಕಿನೊಂಡೊದ ಮ್ಝೇಯೋ ಆ ಮರದ ಬುಡದಲ್ಲಿ ಕೂತಿರಬೇಕು, ಅವರ ಜೊತೆ ಕೂರಲು ಮಕ್ಕಳಿಗೆ ಸಂಜೆ ಬಿಡುವಿರಬೇಕು.

ಕಿನೊಂಡೊದ ಹಿರಿಯರಿಗೆ ಅಂಥ ಮಕ್ಕಳು ಸಿಗುತ್ತಿದ್ದಾರೆಯೇ ಎಂದು ನಮ್ಮ ಡಿಗೊ ಹುಡುಗನನ್ನು ಕೇಳಿದ್ದೆ. ತಾನು ಮತ್ತು ಇನ್ನೂ ಕೆಲವರು ಕಲಿಯುತ್ತಿದ್ದೇವೆ, ಪ್ರವಾಸಿಗರು ಬರುವುದರಿಂದ ಸಂಬಳವಿದೆ ಎಂದ. ಪ್ರವಾಸಿಗರು ಹೋಗದ ಕಾಯಾಗಳಲ್ಲಿ? ಅವನು ಭುಜ ಕುಣಿಸಿದ.

ಮಿಜಿಕೆಂಡಾ ಕಾಯಾಗಳನ್ನು ಯುನೆಸ್ಕೊ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮರುವರ್ಷ, 2009ರಲ್ಲಿ, ಆ ಕಾಡುಗಳನ್ನು ಕಾದ ಸಂಪ್ರದಾಯ ಮತ್ತು ಆಚರಣೆಗಳನ್ನು ಇನ್ನೊಂದು ಪಟ್ಟಿಗೆ ಸೇರಿಸಿತು. ಅದು ತುರ್ತಾಗಿ ಉಳಿಸಿಕೊಳ್ಳಬೇಕಾದವುಗಳ ಪಟ್ಟಿ.